ಒಂದು ಹಿಡಿ ಉಪ್ಪು ಅಂದರೆ ಎಷ್ಟು ಗ್ರಾಂ?

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಾನು ಮೊದಲ ಸಲ ಒಬ್ಬಳೇ ರಂಜಕ ಮಾಡಿದೆ. ಎರಡು ಕಿಲೋ ಕೆಂಪು ಹಣ್ಣುಮೆಣಸಿನಕಾಯಿ. ತೊಳೆದು, ಹುಬ್ಬಳ್ಳಿಯ ನಮ್ಮ ಫ್ಲ್ಯಾಟಿನ ಪುಟ್ಟ ಬಾಲ್ಕನಿಯಲ್ಲಿ ಬಟ್ಟೆ ಹಾಸಿ ಆರಿಸಿದೆ. ತೊಟ್ಟು ಬಿಡಿಸಿ, ಬೆಳ್ಳುಳ್ಳಿ, ಮೆಂತ್ಯ, ಉಪ್ಪು ಸೇರಿಸಿ ರುಬ್ಬಿದೆ. ಮನೆಯವರಿಗೆ ಬಿಪಿ ಇದೆ ಅಂತ ಉಪ್ಪನ್ನು ಅರ್ಧಕ್ಕೆ ಇಳಿಸಿದ್ದೆ. ಲಿಂಬೆಹಣ್ಣು ಹತ್ತು ಬೇಕಿತ್ತು, ಮನೆಯಲ್ಲಿ ನಾಲ್ಕೇ ಇದ್ದವು. ಇರಲಿ ಬಿಡು ಅಂತ ಅಷ್ಟೇ ಹಿಂಡಿದೆ. ಹದಿನೆಂಟನೇ ದಿನ ಭರಣಿಯ ಮುಚ್ಚಳ ತೆಗೆದರೆ ಮೇಲೆಲ್ಲ ಬೂದುಹಸಿರು ಬೂಷ್ಟು. ಬೆಳ್ಳುಳ್ಳಿಯ ಘಮ ಹೋಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ಮುಳಗುಂದದಲ್ಲಿರುವ ಅವ್ವನಿಗೆ ಫೋನ್ ಮಾಡಿದೆ.

“ಉಪ್ಪು ಎಷ್ಟ ಹಾಕಿದ್ದಿ?” ಅಂದಳು.

“ಕಿಲೋಕ್ಕ ನಾಕ ಹಿಡಿ ಅಂತ ನೀ ಹೇಳಿದ್ದಿ. ನಾ ಎರಡ ಹಿಡಿ ಹಾಕೇನಿ. ಅವರಿಗೆ ಬಿಪಿ ಅದ ಅಂತ.”

“ಯವ್ವಾ, ಉಪ್ಪು ಕಡಿಮಿ ಮಾಡೂದಿದ್ರ ತಾಟಿನ್ಯಾಗ ಕಡಿಮಿ ಮಾಡಬೇಕು. ಭರಣ್ಯಾಗ ಕಡಿಮಿ ಮಾಡಿದ್ರ ಅದು ಹೆಂಗ ತಡೀತದ?”

ಅವ್ವ ಈ ಮಾತನ್ನು ಮೊದಲೇ ಹೇಳಿದ್ದರೆ ಎರಡು ಕಿಲೋ ಮೆಣಸಿನಕಾಯಿ ಉಳಿಯುತ್ತಿತ್ತು. ಆದರೆ ನಾನು ಕೇಳಿರಲಿಲ್ಲ, ಅವಳಿಗೆ ಹೇಳಬೇಕು ಅಂತ ಹೊಳೆದೂ ಇರಲಿಲ್ಲ. ನಮ್ಮ ಕಡೆ ಆಹಾರ ಕೆಡದಂತೆ ಕಾಪಾಡುವ ವಿದ್ಯೆ ಹೀಗೇ ಬಂದಿದೆ, ಕೈಯಿಂದ ಕೈಗೆ. ಹೇಗೆ ಮಾಡಬೇಕು ಅನ್ನುವುದು ಬಂದಿದೆ. ಯಾಕೆ ಹಾಗೇ ಮಾಡಬೇಕು ಅನ್ನುವುದು ಜೊತೆಗೆ ಬಂದಿಲ್ಲ. ಅದೇ ಅಂಗಳ, ಅದೇ ಬಿಸಿಲು, ಅದೇ ದೊಡ್ಡ ಉಪ್ಪು, ಅದೇ ಭರಣಿ ಇರುವವರೆಗೆ “ಯಾಕೆ” ಗೊತ್ತಿಲ್ಲದಿದ್ದರೂ ನಡೆಯುತ್ತಿತ್ತು. ಈಗ ಅಂಗಳ ಹೋಗಿ ಬಾಲ್ಕನಿ ಬಂದಿದೆ. ದೊಡ್ಡ ಉಪ್ಪಿನ ಜಾಗಕ್ಕೆ ಪುಡಿ ಉಪ್ಪು ಬಂದಿದೆ. ಹಪ್ಪಳ ಹಾಕುವ ಹೊತ್ತಿಗೆ ಅಡ್ಡಮಳೆ ಬರುತ್ತದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ. ಮನೆಗೆ ಅಂತ ಮಾಡುತ್ತಿದ್ದುದನ್ನು ಈಗ ವಾಟ್ಸಾಪಿನಲ್ಲಿ ಗುರುತಿಲ್ಲದವರಿಗೂ ಮಾರುತ್ತೇವೆ. ಇಷ್ಟೆಲ್ಲ ಬದಲಾದಾಗ “ಯಾಕೆ” ಗೊತ್ತಿಲ್ಲದ ಕೈ ತಪ್ಪುತ್ತದೆ. ನನ್ನ ಕೈ ತಪ್ಪಿದ್ದು ಹಾಗೇ.

ಜನರಿಗೆ ಆಹಾರದ ಬಗ್ಗೆ ತಿಳಿಸಿಕೊಡುವ ಕೆಲಸ ಅಂದರೆ ಈ “ಯಾಕೆ”ಯನ್ನು ವಾಪಸ್ ಜೋಡಿಸಿಕೊಡುವುದು ಅಂತ ನಾನು ನಂಬಿದ್ದೇನೆ. ನಮ್ಮಲ್ಲಿ ಈ ಕೆಲಸ ನಡೆದಿಲ್ಲ ಅಂತಲ್ಲ. ನಡೆಯುವುದು ಬೇರೆ ಕಡೆ, ಬೇರೆ ಪದಾರ್ಥದ ಮೇಲೆ, ಬೇರೆ ಹೊತ್ತಿನಲ್ಲಿ.

ರಂಜಕದ ಭರಣಿಯೊಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡೋಣ. ಹಸಿ ಹಣ್ಣುಮೆಣಸಿನಕಾಯಿಯಲ್ಲಿ ಹೆಚ್ಚಿನ ಪಾಲು ನೀರೇ. ಆ ನೀರು ಸೂಕ್ಷ್ಮಜೀವಿಗಳಿಗೆ ಬೇಕು. ಉಪ್ಪು ಹಾಕಿದಾಗ ಉಪ್ಪು ಆ ನೀರನ್ನು ತನ್ನ ಕಡೆ ಹಿಡಿದುಕೊಳ್ಳುತ್ತದೆ. ಭರಣಿಯಲ್ಲಿ ನೀರು ಇರುತ್ತದೆ, ಆದರೆ ಕೆಡಿಸುವ ಜೀವಿಗಳ ಬಾಯಿಗೆ ಸಿಗುವುದಿಲ್ಲ. ಎರಡನೇ ಕಾವಲು ಲಿಂಬೆರಸ. ಮೆಣಸಿನಕಾಯಿಗೆ ಸ್ವಂತ ಹುಳಿ ಕಡಿಮೆ. ಲಿಂಬೆರಸ ಆ ಹುಳಿಯನ್ನು ತಂದುಕೊಡುತ್ತದೆ. ಮೂರನೆಯದು ಮೇಲೆ ನಿಲ್ಲುವ ಎಣ್ಣೆ. ಅದು ಗಾಳಿಯನ್ನು ತಡೆಯುತ್ತದೆ. ಬೂಷ್ಟಿಗೆ ಗಾಳಿ ಬೇಕು, ಹೀಗಾಗಿ ಎಣ್ಣೆ ಇದ್ದಲ್ಲಿ ಬೂಷ್ಟು ಹತ್ತುವುದಿಲ್ಲ.

ಇಲ್ಲೇ ಒಂದು ಸೂಕ್ಷ್ಮ ಇದೆ. ಗಾಳಿ ಇಲ್ಲದ ಕಡೆಯೇ ಬೆಳೆಯುವ ಜೀವಿಯೂ ಒಂದಿದೆ, ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಅಂತ. ಅದರ ಬೀಜಕಣಗಳು ಮಣ್ಣಿನಲ್ಲಿರುತ್ತವೆ. ಬೆಳ್ಳುಳ್ಳಿ ಬೆಳೆಯುವುದು ಮಣ್ಣೊಳಗೆ. ಸುಮ್ನೆ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ವಾರಗಟ್ಟಲೆ ಇಟ್ಟರೆ ಅದಕ್ಕೆ ಬೇಕಾದ ಜಾಗ ನಾವೇ ಮಾಡಿಕೊಟ್ಟಂತೆ. ಅದು ಬಿಡುವ ವಿಷ ನರಗಳನ್ನು ಹಿಡಿಯುತ್ತದೆ, ಜೀವ ತೆಗೆಯಬಲ್ಲದು. ರುಚಿ, ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು. ಆದರೆ ಹುಳಿ ಚೆನ್ನಾಗಿದ್ದರೆ, ಅಂದರೆ ಪಿಎಚ್ ಅಳತೆಯಲ್ಲಿ 4.6ಕ್ಕಿಂತ ಕೆಳಗಿದ್ದರೆ, ಅದು ಬೆಳೆಯುವುದಿಲ್ಲ. ಪದಾರ್ಥದ ನೀರಿನಲ್ಲಿ ನೂರಕ್ಕೆ ಹತ್ತು ಪಾಲು ಉಪ್ಪಿದ್ದರೂ ಬೆಳೆಯುವುದಿಲ್ಲ. ಅವ್ವನ ಲೆಕ್ಕದ ನಾಲ್ಕು ಹಿಡಿ ಈ ಗೆರೆಯನ್ನು ಆರಾಮಾಗಿ ದಾಟುತ್ತದೆ. ನನ್ನ ಎರಡು ಹಿಡಿ ದಾಟುವುದಿಲ್ಲ. ಲಿಂಬೆರಸವೂ ಅರ್ಧಕ್ಕಿಂತ ಕಡಿಮೆ ಹಾಕಿದ್ದೆ. ಅಂದರೆ ಒಂದೇ ದಿನ ಎರಡು ಕಾವಲನ್ನೂ ನಾನೇ ಕೈಯಾರೆ ಇಳಿಸಿದ್ದೆ. ಕಣ್ಣಿಗೆ ಕಾಣುವ ಬೂಷ್ಟು ಬಂದು ಎಚ್ಚರಿಸಿತು, ಅದು ಪುಣ್ಯ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ತಿನ್ನೋಣ ಅಂತ ಒಂದು ಮನಸ್ಸು ಹೇಳಿತು. ಬೂಷ್ಟಿನ ಬೇರು ಕಣ್ಣಿಗೆ ಕಾಣದಂತೆ ಒಳಗಿಳಿದಿರುತ್ತದೆ ಅಂತ ಗೊತ್ತಿದ್ದರಿಂದ ಪೂರ್ತಿ ಚೆಲ್ಲಿದೆ.

ಹಾಗಾದರೆ ಬಿಪಿ ಇದ್ದವರು ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅವ್ವನ ಅಳತೆಯ ರಂಜಕದಲ್ಲಿ ಒಂದು ಚಮಚಕ್ಕೆ, ಅಂದರೆ ಸುಮಾರು 10 ಗ್ರಾಂಗೆ, ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಉಪ್ಪು ಬರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ರೊಟ್ಟಿ ಜೊತೆ ಒಂದೊಂದು ಚಮಚ ಹಚ್ಚಿಕೊಂಡರೆ ದಿನದ ಪಾಲಿನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯಿತು. ಸಾರು, ಪಲ್ಯದ ಉಪ್ಪು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅವ್ವ ಹೇಳಿದ್ದೇ ಸರಿ. ಭರಣಿಯಲ್ಲಿ ಉಪ್ಪು ಪೂರ್ತಿ ಇರಲಿ, ತಾಟಿನಲ್ಲಿ ಅರ್ಧ ಚಮಚ ಸಾಕು. ಉಪ್ಪು ಕಡಿಮೆ ಇರುವ ರಂಜಕವೇ ಬೇಕು ಅಂದರೆ ಸ್ವಲ್ಪ ಮಾಡಿ, ಫ್ರಿಜ್ಜಿನಲ್ಲಿಟ್ಟು, ಒಂದು ವಾರದೊಳಗೆ ಮುಗಿಸಬೇಕು. ಬಿಪಿಗೆ ಉಪ್ಪು ಬಿಡಿ ಅನ್ನುವ ಮಾತು ಪ್ರತಿ ಆಸ್ಪತ್ರೆಯಲ್ಲೂ ಕಿವಿಗೆ ಬೀಳುತ್ತದೆ. ಭರಣಿಯ ಉಪ್ಪು ಬೇರೆ, ತಾಟಿನ ಉಪ್ಪು ಬೇರೆ ಅಂತ ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಒಂದು ಒಳ್ಳೆಯ ಸಲಹೆ ಅರ್ಧ ಮಾತ್ರ ಮನೆಗೆ ಬಂದರೆ ಹೀಗಾಗುತ್ತದೆ.

ಕಲಿಸುವ ಸಂಸ್ಥೆಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೆ. ಅದರ ಗೃಹವಿಜ್ಞಾನ ಕಾಲೇಜು ಅದಕ್ಕಿಂತ ಹಳೆಯದು, ಈಗ ಅದರ ಹೆಸರು ಸಮುದಾಯ ವಿಜ್ಞಾನ ಕಾಲೇಜು. ಕೃಷಿ ವಿಜ್ಞಾನ ಕೇಂದ್ರಗಳು ಧಾರವಾಡದಲ್ಲಿವೆ, ಗದಗಿನ ಹುಲಕೋಟಿಯಲ್ಲಿವೆ, ಹಾವೇರಿ ಜಿಲ್ಲೆಯ ಹನುಮನಮಟ್ಟಿಯಲ್ಲಿವೆ. ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ಆಹಾರ ತಂತ್ರಜ್ಞಾನ ಕಲಿಸುವ ತೋಟಗಾರಿಕೆ ಕಾಲೇಜಿದೆ. ಓಣಿಗೊಂದು ಅಂಗನವಾಡಿ ಇದೆ. ಇಷ್ಟು ಜನ, ಇಷ್ಟು ಜ್ಞಾನ ಒಂದೂರಿಂದ ಇನ್ನೊಂದೂರಿಗೆ ಬಸ್ಸಿನ ದಾರಿಯಲ್ಲಿ ಸಿಗುವ ಭಾಗ ನಮ್ಮದು.

ಕೆಲವು ವರ್ಷಗಳ ಹಿಂದೆ ಸಂಘದ ಹೆಣ್ಣುಮಕ್ಕಳ ಜೊತೆ ನಾನೂ ಒಂದು ತರಬೇತಿಗೆ ಹೋಗಿದ್ದೆ. ಮೂರು ದಿನ. ಜಾಮ್, ಸ್ಕ್ವಾಶ್, ಟೊಮೆಟೊ ಕೆಚಪ್ ಕಲಿಸಿದರು. ಚೆನ್ನಾಗಿಯೇ ಕಲಿಸಿದರು. ಜಾಮ್ ಆದಾಗ ಅದರಲ್ಲಿ ಕರಗಿದ ಸಕ್ಕರೆ ಅಂಶ ನೂರಕ್ಕೆ 65 ಇರಬೇಕು. ಸ್ಕ್ವಾಶಿನಲ್ಲಿ ಹಣ್ಣಿನ ರಸ ನೂರಕ್ಕೆ 25ಕ್ಕಿಂತ ಕಡಿಮೆ ಇರಬಾರದು. ಮಾವಿನ ಸ್ಕ್ವಾಶಿಗೆ ಕೆಡದಿರಲಿ ಅಂತ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ನೇರಳೆ ಹಣ್ಣಿಗೆ ಹಾಕಬಾರದು, ಬಣ್ಣ ಬಿಳಚುತ್ತದೆ, ಅಲ್ಲಿ ಸೋಡಿಯಂ ಬೆಂಜೊಯೇಟ್ ಬೇಕು. ಪ್ರತಿಯೊಂದಕ್ಕೂ ಸಂಖ್ಯೆ ಇತ್ತು, ಪ್ರತಿ ಸಂಖ್ಯೆಗೂ ಕಾರಣ ಇತ್ತು. ನನಗೆ ತುಂಬ ಇಷ್ಟವಾಯಿತು. ಆದರೆ ಅಲ್ಲಿ ಕೂತಿದ್ದ ಮೂವತ್ತು ಹೆಣ್ಣುಮಕ್ಕಳಲ್ಲಿ ಮನೆಗೆ ಹೋಗಿ ಜಾಮ್ ಮಾಡುವವರು ಯಾರಿದ್ದರು? ಅವರು ಮಾಡುವುದು ರಂಜಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ), ಮಾವಿನಕಾಯಿ ಉಪ್ಪಿನಕಾಯಿ, ಬಾಳಕ, ಹಪ್ಪಳ, ಶಾವಿಗೆ. ಅವುಗಳ ಬಗ್ಗೆ ಒಂದು ಸಂಖ್ಯೆಯೂ ಬರಲಿಲ್ಲ. ಅವು ನಿಮಗೆ ಬರುತ್ತವಲ್ಲ ಅಂತ ಕಲಿಸುವವರು ಅಂದುಕೊಂಡರು. ನಮಗೆ ಬರುತ್ತವೆ ಅಂತ ನಾವೂ ಅಂದುಕೊಂಡೆವು.

ಅಮೆರಿಕದಲ್ಲಿ 1914ರ ಒಂದು ಕಾನೂನಿನಿಂದ ಕೃಷಿ ಕಾಲೇಜುಗಳ ತಿಳಿವಳಿಕೆಯನ್ನು ಹಳ್ಳಿ ಮನೆಗಳಿಗೆ ಒಯ್ಯುವ ವ್ಯವಸ್ಥೆ ಗಟ್ಟಿಯಾಯಿತು. ಅಲ್ಲಿನವರ ಭಯ ಬೇರೆ. ಅವರು ಬೀನ್ಸ್, ಮಾಂಸ ಇಂಥ ಹುಳಿ ಇಲ್ಲದ ಪದಾರ್ಥವನ್ನು ಗಾಜಿನ ಬಾಟಲಿಯಲ್ಲಿ ಮುಚ್ಚಿ ವರ್ಷಗಟ್ಟಲೆ ಇಡುತ್ತಾರೆ. ಬೊಟುಲಿನಮ್ ಅವರಿಗೆ ನಿಜವಾದ ಗಂಡಾಂತರ. ಅದಕ್ಕೆ ಅವರು ಕಂಡುಕೊಂಡ ದಾರಿ “ಪರೀಕ್ಷೆ ಮಾಡಿದ ಪಾಕವಿಧಾನ”. ಪ್ರಯೋಗಾಲಯದಲ್ಲಿ ಹುಳಿ, ಶಾಖ, ಹೊತ್ತು ಎಲ್ಲ ಅಳೆದು, ಇಷ್ಟು ಹಾಕಿದರೆ ಇಷ್ಟು ದಿನ ತಡೆಯುತ್ತದೆ ಅಂತ ಬರೆದುಕೊಟ್ಟ ವಿಧಾನ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ಇದೆ. ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಅವರಿಂದ ನೆರೆಹೊರೆಗೆ ಕಲಿಸುವ ರೂಢಿಯೂ ಇದೆ. ಅವರ ಬೀನ್ಸು ನಮಗೆ ಬೇಡ. ಆ ರೀತಿ ಬೇಕು. ಕಿಲೋ ಮೆಣಸಿನಕಾಯಿಗೆ ಎಷ್ಟು ಗ್ರಾಂ ಉಪ್ಪು, ಎಷ್ಟು ಮಿಲಿ ಲಿಂಬೆರಸ, ಹೊರಗೆ ಎಷ್ಟು ದಿನ, ಫ್ರಿಜ್ಜಿನಲ್ಲಿ ಎಷ್ಟು ದಿನ ಅಂತ ಅಳೆದು ಬರೆದ ಒಂದು ಪುಟ ರಂಜಕಕ್ಕೂ ಬೇಕು. ಧಾರವಾಡದಲ್ಲಿ ಅದನ್ನು ಅಳೆಯುವ ಪ್ರಯೋಗಾಲಯಗಳಿವೆ, ಅಳೆಯಬಲ್ಲ ವಿದ್ಯಾರ್ಥಿಗಳಿದ್ದಾರೆ.

ರಂಜಕದ ಬೂಷ್ಟು ಕಣ್ಣಿಗೆ ಕಾಣುತ್ತದೆ, ಚೆಲ್ಲುತ್ತೇವೆ. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ ಶೇಂಗಾದ್ದು. ನಮ್ಮ ಕಡೆ ಶೇಂಗಾ ಇಲ್ಲದ ದಿನ ಇಲ್ಲ. ಹಿಂಡಿ, ಹೋಳಿಗೆ, ಉಂಡಿ, ಪಲ್ಯಕ್ಕೆ ಪುಡಿ, ಮಕ್ಕಳ ಕೈಗೆ ಬೆಲ್ಲದ ಜೊತೆ ಒಂದು ಹಿಡಿ. ಶೇಂಗಾ ಸರಿಯಾಗಿ ಒಣಗದಿದ್ದರೆ ಅದರ ಮೇಲೆ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಹಳದಿ-ಹಸಿರು ಬೂಷ್ಟು ಬರುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಅವುಗಳಿಗೆ ಮೇವಾಗಿ ಹಾಕಿದ್ದ, ಎಣ್ಣೆ ತೆಗೆದ ಶೇಂಗಾದ ಹಿಟ್ಟಿನಿಂದ ಇದು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಇದರಲ್ಲಿ ಅನುಮಾನ ಉಳಿದಿಲ್ಲ.

ಇನ್ನು ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ ನೋಡಿ. ಅವ್ವ ಮೊರದಲ್ಲಿ ಶೇಂಗಾ ಹಸನು ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ದಪ್ಪ, ಹೊಳೆಯುವ ಕಾಳು ಒಂದು ಕಡೆ. ಅದು ಉಂಡಿಗೆ, ಬೀಗರು ಬಂದಾಗ ಹೋಳಿಗೆಗೆ. ಸುಕ್ಕಾದದ್ದು, ಕಪ್ಪಾದದ್ದು, ಮುರುಕು ಇನ್ನೊಂದು ಕಡೆ. ಅದನ್ನು ಚೆಲ್ಲುವುದಿಲ್ಲ. ಚೆನ್ನಾಗಿ ಹುರಿದು, ಬೆಳ್ಳುಳ್ಳಿ, ಖಾರ ಜೋರು ಮಾಡಿ ಹಿಂಡಿ ಕುಟ್ಟುತ್ತೇವೆ. ದುಡಿದು ಬೆಳೆದ ಕಾಳನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ವಿಷ ಇರುವುದು ಬಹುಪಾಲು ಆ ಕೆಟ್ಟ ಕಾಳುಗಳಲ್ಲೇ. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ, ಮನೆಯ ಒಲೆಯ ಶಾಖ ಅದಕ್ಕೆ ಸಾಲದು. ಕಹಿ ಕಾಳು ಬಾಯಿಗೆ ಬಂದರೆ ಉಗುಳುತ್ತಿದ್ದೆವು. ಹಿಂಡಿಯಲ್ಲಿ ಖಾರ, ಬೆಳ್ಳುಳ್ಳಿ ಆ ಕಹಿಯನ್ನೂ ಮುಚ್ಚಿಬಿಡುತ್ತವೆ. ಮನೆಯವರೆಲ್ಲ ದಿನಾ ತಿನ್ನುವ ಪದಾರ್ಥಕ್ಕೆ ಮನೆಯ ಕೆಟ್ಟ ಕಾಳು ಹೋಗುತ್ತಿದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ನಾನು ಬೆಳೆದಿದ್ದು ಆ ಹಿಂಡಿ ತಿಂದೇ.

ಬೇಡಾದ ಕಾಳನ್ನು ಎಮ್ಮೆಗೆ ಹಾಕೋಣ ಅಂದರೆ ಅದೂ ದಾರಿಯಲ್ಲ. ಎಮ್ಮೆಯ ಹೊಟ್ಟೆಗೆ ಹೋದ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಅದು ಎಷ್ಟಿರಬಹುದು ಅನ್ನುವುದಕ್ಕೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿಯನ್ನೇ ಹಾಕಿದೆ.

ಒಳ್ಳೆಯ ಸುದ್ದಿ ಅಂದರೆ ಪರಿಹಾರ ನಮ್ಮ ಕೈಯಲ್ಲೇ ಇದೆ, ಮೊರದಲ್ಲೇ ಇದೆ. ಹಸನು ಮಾಡಿ ಆ ಸುಕ್ಕು, ಕಪ್ಪು, ಬೂಷ್ಟಿನ ಕಾಳನ್ನು ತೆಗೆದು ಹೂತುಬಿಟ್ಟರೆ ವಿಷದ ದೊಡ್ಡ ಪಾಲು ಹೋಯಿತು. ಅವ್ವನಿಗೆ ಆರಿಸುವುದನ್ನು ಯಾರೂ ಕಲಿಸಬೇಕಿಲ್ಲ. ಆರಿಸಿದ್ದು ಎಲ್ಲಿಗೆ ಹೋಗಬೇಕು ಅನ್ನುವುದೊಂದನ್ನು ಹೇಳಬೇಕು, ಅಷ್ಟೇ. ಅದಕ್ಕಿಂತ ಮೊದಲು ಒಣಗಿಸುವುದು. ಕಾಯಿ ಅಲ್ಲಾಡಿಸಿದರೆ ಒಳಗಿನ ಕಾಳು ಗಲಗಲ ಅನ್ನಬೇಕು. ಚೀಲ ಬರೀ ನೆಲದ ಮೇಲೆ, ಗೋಡೆಗೆ ತಾಗಿ ಇರಬಾರದು. ಒಣಮೆಣಸಿನಕಾಯಿಗೂ ಇದೇ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಬಣ್ಣಕ್ಕೆ ಹೊರದೇಶಗಳಲ್ಲೂ ಬೇಡಿಕೆ ಇದೆ. ಮಸಾಲೆ ಪದಾರ್ಥದಲ್ಲಿ ಅಫ್ಲಾಟಾಕ್ಸಿನ್ ಕಿಲೋಗೆ 30 ಮೈಕ್ರೊಗ್ರಾಂ ದಾಟಬಾರದು ಅಂತ ನಮ್ಮ ನಿಯಮ, ಯುರೋಪಿನಲ್ಲಿ ಅದು 10. ಹೊರಗೆ ಹೋಗುವ ಮೆಣಸಿನಕಾಯಿಯನ್ನು ಯಂತ್ರದಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಡಬ್ಬಿಗೆ ಬರುವುದನ್ನು ನಾವೇ ನೋಡಿಕೊಳ್ಳಬೇಕು. ಮಣ್ಣಿನ ನೆಲದ ಬದಲು ತಾಡಪತ್ರಿಯ ಮೇಲೆ ಒಣಗಿಸಿದ್ದು, ಮುರಿದರೆ ಸದ್ದು ಬರುವಷ್ಟು ಒಣಗಿದ್ದು, ಒಳಗೆ ಬೂದಿ ಬಣ್ಣ ಇಲ್ಲದ್ದು. ಕಾಯಿ ಸೀಳಿ ನೋಡದೆ ಖಾರ ಕುಟ್ಟಿಸಬಾರದು.

ನೀರಿನ ಮಾತು ಬೇರೆಯೇ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ 2008ರ ಹೊತ್ತಿಗೆ 8 ವಾರ್ಡುಗಳಿಗೆ 24 ತಾಸು ನೀರು ಬಂತು. ಉಳಿದ ಕಡೆ ಕೆಲವು ದಿನಕ್ಕೊಮ್ಮೆ ನಳ ಬರುತ್ತಿತ್ತು. ಎರಡೂ ಕಡೆಯ ನೀರನ್ನು ಹೋಲಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಿಟ್ಟು ಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಶೇ 31.7ರಲ್ಲಿ ಇ-ಕೊಲೈ, ಅಂದರೆ ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತು. ಸದಾ ನೀರಿರುವ ನಳಗಳಲ್ಲಿ ಅದು ಶೇ 0.7 ಮಾತ್ರ. ಕೊಳವೆ ಖಾಲಿ ಇದ್ದಾಗ ಸುತ್ತಲಿನ ಹೊಲಸು ಸೀಳಿನಿಂದ ಒಳಗೆ ಬರುತ್ತದೆ, ನೀರು ಬಿಟ್ಟಾಗ ಮನೆಗೆ ಬರುತ್ತದೆ. ಅದಕ್ಕೇ ನಳ ಬಂದ ಕೂಡಲೇ ಬರುವ ಮೊದಲ ನೀರನ್ನು ಪಾತ್ರೆ ತೊಳೆಯಲೂ ಹಿಡಿಯಬೇಡಿ, ನೆಲ ಒರೆಸಲು ಇಟ್ಟುಕೊಳ್ಳಿ. ತುಂಬಿಟ್ಟ ಕೊಡದಲ್ಲಿ ಕೈ ಅದ್ದಬೇಡಿ, ಉದ್ದ ಹಿಡಿಯ ಸೌಟು ಇಡಿ.

ಈ ನೀರು ತಾಟಿಗೆ ಬರುವುದು ಹಸಿ ಪಲ್ಯದ ಮೂಲಕ. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ತಿನ್ನುವುದು ನಮ್ಮ ರೂಢಿ. ಪೌಷ್ಟಿಕತೆಯ ದೃಷ್ಟಿಯಿಂದ ಇಷ್ಟು ಒಳ್ಳೆಯ ರೂಢಿ ಬೇರೆ ಕಡೆ ಕಡಿಮೆ. ಆದರೆ ಅವಳಿ ನಗರದ ಸುತ್ತಲ ಕೆಲವು ಹಳ್ಳಿಗಳಲ್ಲಿ ಚರಂಡಿ ನೀರಿನಿಂದ ತರಕಾರಿ ಬೆಳೆಯುವುದನ್ನು ಸಂಶೋಧಕರು 20 ವರ್ಷಗಳ ಹಿಂದೆಯೇ ದಾಖಲಿಸಿದ್ದಾರೆ. ಬೇಸಿಗೆಯಲ್ಲಿ ಬೇರೆ ನೀರಿಲ್ಲದ ರೈತನನ್ನು ಬೈದು ಪ್ರಯೋಜನವಿಲ್ಲ. ಹಸಿ ಪಲ್ಯ ಬಿಡಿ ಅಂತ ಹೇಳಲೂ ನನಗೆ ಮನಸ್ಸಿಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ಮೂರು ನಾಲ್ಕು ಸಲ ಹೊಸ ನೀರಿನಲ್ಲಿ ತೊಳೆಯಬೇಕು. ಕೊನೆಯ ಸಲ ಕುಡಿಯುವ ನೀರಿನಲ್ಲಿ. ಎಲ್ಲಿ ಬೆಳೆದದ್ದು ಅಂತ ಗೊತ್ತಿಲ್ಲದಿದ್ದರೆ, ಮನೆಯಲ್ಲಿ ಬಸುರಿ, ಬಾಣಂತಿ, ಎಳೆಮಕ್ಕಳು ಇದ್ದರೆ, ಬಾಡಿಸಿ ತಿನ್ನುವುದು ಒಳ್ಳೆಯದು.

ರಕ್ತಹೀನತೆಯ ಲೆಕ್ಕ ನೋಡಿದರೆ ಈ ಪಲ್ಯಗಳನ್ನು ಯಾಕೆ ಬಿಡಬಾರದು ಅಂತ ತಿಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಜನರಿಗೆ ರಕ್ತ ಕಡಿಮೆ ಇತ್ತು. ಸಪ್ಟೆಂಬರಿನ ಪೋಷಣ ಮಾಸದಲ್ಲಿ ಅಂಗನವಾಡಿಯ ಮುಂದೆ ತರಕಾರಿಯ ರಂಗೋಲಿ ಹಾಕುತ್ತಾರೆ, ಸೊಪ್ಪು ತಿನ್ನಿ ಅಂತ ಹೇಳುತ್ತಾರೆ. ಆದರೆ ಹೊಲದಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಕಾಳುಪಲ್ಯ ತಿಂದ ಹೆಣ್ಣುಮಗಳು ಕೈ ತೊಳೆದ ಕೂಡಲೇ ಚಹಾ ಕುಡಿಯುತ್ತಾಳೆ. ಚಹಾದ ಒಗರು ಆ ಊಟದ ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಒಂದು ತಾಸು ತಡೆದು ಕುಡಿದರೆ ಸಾಕು. ಅದೇ ಪಲ್ಯಕ್ಕೆ ಅರ್ಧ ಹೋಳು ಲಿಂಬೆ ಹಿಂಡಿದರೆ ಕಬ್ಬಿಣ ಜಾಸ್ತಿ ಹತ್ತುತ್ತದೆ. ಮಡಕಿ ಕಾಳನ್ನು ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ದುಡ್ಡು ಖರ್ಚಿಲ್ಲದ ಈ ಮಾತು ಹೊಲದ ಬದುವಿನ ತನಕ ಇನ್ನೂ ತಲುಪಿಲ್ಲ.

ಮಾರುವವರ ವಿಷಯಕ್ಕೆ ಒಂದು ಮಾತು. ಕಡಕ್ ರೊಟ್ಟಿ, ಚಟ್ನಿಪುಡಿ, ಹೋಳಿಗೆ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಎಷ್ಟೋ ಮನೆ ನಡೆಯುತ್ತಿವೆ. ಪ್ರಧಾನಮಂತ್ರಿಗಳ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಇಟ್ಟಿದ್ದಾರೆ, ಯಂತ್ರಕ್ಕೆ ಶೇ 35 ಸಹಾಯಧನ ಇಟ್ಟಿದ್ದಾರೆ. ಯಂತ್ರ ಬರುತ್ತದೆ, ನೋಂದಣಿ ಚೀಟಿ ಬರುತ್ತದೆ. ನಾನು ಒಮ್ಮೆ ಕೊಂಡ ಕಡಕ್ ರೊಟ್ಟಿಯ ಪಾಕೀಟಿನ ಒಳಗೆ ಸಣ್ಣ ನೀರಹನಿ ಕಟ್ಟಿದ್ದವು. ರೊಟ್ಟಿ ಬಿಸಿ ಇರುವಾಗಲೇ ಪ್ಯಾಕ್ ಮಾಡಿದ್ದರು. ಮೂರನೇ ದಿನಕ್ಕೆ ಅಂಚಿಗೆ ಹಸಿರು ಬಂತು. ತಿಂಗಳುಗಟ್ಟಲೆ ತಡೆಯುವ ರೊಟ್ಟಿ ಅದು, ಪೂರ್ತಿ ಆರಿಸಿದ್ದರೆ. ಆ ಹೆಣ್ಣುಮಗಳು ಅಷ್ಟು ಸೊಗಸಾಗಿ ಬಡಿದಿದ್ದಳು. ತಯಾರಿಸಿದ ದಿನ ಬರೆಯಿರಿ ಅಂತ ಹೇಳುವ ಮೊದಲು, ಆರಿದ ಮೇಲೆ ಕಟ್ಟಿರಿ ಅಂತ ಹೇಳುವವರು ಬೇಕಿತ್ತು.

ಕಲಿಸುವುದು ಎಲ್ಲಿ, ಯಾವಾಗ ಅನ್ನುವುದು ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸುತ್ತದೆ. ನಾನು ಕಂಡ ತರಬೇತಿಗಳು ಅನುದಾನದ ಲೆಕ್ಕಕ್ಕೆ ಬರುತ್ತವೆ, ಹಂಗಾಮಿನ ಲೆಕ್ಕಕ್ಕೆ ಬರುವುದಿಲ್ಲ. ಶೇಂಗಾದ ಮಾತು ದೀಪಾವಳಿ ಸುತ್ತ ಆಡಬೇಕು, ಕಾಯಿ ಕಿತ್ತು ಒಣಹಾಕುವ ಹೊತ್ತಿಗೆ. ರಂಜಕದ್ದು ಸಂಕ್ರಾಂತಿಗಿಂತ ಮೊದಲು. ಹಪ್ಪಳ, ಶಾವಿಗೆಯದ್ದು ಹೋಳಿ ಹುಣ್ಣಿಮೆ ಹೊತ್ತಿಗೆ. ಉಪ್ಪಿನಕಾಯಿಯದ್ದು ಅಕ್ಷಯ ತದಿಗೆಯ ಆಸುಪಾಸು. ಹಸಿ ಪಲ್ಯದ್ದು ಮುಂಗಾರು ಬಿದ್ದ ಕೂಡಲೇ.

ಜಾಗದ ಬಗ್ಗೆ ಹೇಳುವುದಾದರೆ ನನ್ನ ಮನಸ್ಸಿಗೆ ಮೊದಲು ಬರುವುದು ಖಾರದ ಗಿರಣಿ. ಬೇಸಿಗೆಯಲ್ಲಿ ಅಲ್ಲಿ ಒಂದೊಂದು ಪಾಳಿಗೆ ತಾಸುಗಟ್ಟಲೆ ಕಾಯುತ್ತೇವೆ. ಸೀನುತ್ತಾ, ಮೂಗಿಗೆ ಸೆರಗು ಹಿಡಿದು, ಡಬ್ಬಿ ಸಾಲಿನಲ್ಲಿಟ್ಟು ಕೂರುತ್ತೇವೆ. ಮೆಣಸಿನಕಾಯಿ ಎದುರಿಗೇ ಇರುತ್ತದೆ. ಅಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಒಂದು ಚಿತ್ರ ಇದ್ದರೆ, ಒಳ್ಳೆಯ ಕಾಯಿ ಸೀಳಿದಾಗ ಹೀಗಿರುತ್ತದೆ, ಬೂಷ್ಟಿನದ್ದು ಹೀಗಿರುತ್ತದೆ ಅಂತ, ಕೂತವರೆಲ್ಲ ನೋಡುತ್ತಾರೆ, ತಮ್ಮ ಡಬ್ಬಿಯಿಂದ ಒಂದು ಕಾಯಿ ತೆಗೆದು ಸೀಳಿಯೂ ನೋಡುತ್ತಾರೆ. ಒಂದು ಗಾಜಿನ ಗ್ಲಾಸಿನಲ್ಲಿ ನೀರಿಟ್ಟು ಅಂಗಡಿಯ ಖಾರಪುಡಿ ಒಂದು ಚಿಟಿಕೆ ಉದುರಿಸಿ ತೋರಿಸಬಹುದು. ಕಲಬೆರಕೆ ಬಣ್ಣ ಇದ್ದರೆ ಕೆಂಪು ಗೆರೆಗಳಾಗಿ ಕೆಳಗೆ ಇಳಿಯುತ್ತದೆ. ಇಟ್ಟಿಗೆ ಪುಡಿ ಇದ್ದರೆ ತಳದಲ್ಲಿ ಕೂತದ್ದನ್ನು ಬೆರಳಿನಿಂದ ಉಜ್ಜಿದಾಗ ಗರಗರ ಅನ್ನುತ್ತದೆ. ಗಿರಣಿ ನಡೆಸುವವರಿಗೆ ಒಂದು ದಿನ ತರಬೇತಿ ಕೊಟ್ಟರೆ ಅವರು ವರ್ಷವಿಡೀ ಹೇಳುತ್ತಾರೆ. ಮೆಣಸಿನಕಾಯಿ, ಶೇಂಗಾ ಸಂತೆಯಿಂದ ತರುವ ಗಂಡಸರೂ ಅಲ್ಲಿಗೆ ಬರುತ್ತಾರೆ. ಆರಿಸಿ ಕೊಳ್ಳುವುದು ಅವರಿಗೂ ಗೊತ್ತಿರಬೇಕು, ಅಲ್ವಾ? ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ಮನೆಗಳಲ್ಲಿ ಮಾತಾಡುತ್ತಿದೆ. ಅದರಲ್ಲಿ ಹಂಗಾಮಿಗೆ ತಕ್ಕ ಹತ್ತು ನಿಮಿಷ ಸಿಕ್ಕರೂ ಎಷ್ಟೋ ಆಯಿತು.

ಕಲಿಸಲು ಬರುವವರಿಗೆ ನನ್ನದೊಂದು ಕೋರಿಕೆ ಇದೆ. ಬರುವಾಗ ತಕ್ಕಡಿ ತನ್ನಿ. ಕರಪತ್ರ ಆಮೇಲೆ ಕೊಡಿ. ಮೊದಲು ಅಲ್ಲಿರುವ ಹಿರಿಯ ಹೆಣ್ಣುಮಗಳ ಕೈಯಲ್ಲಿ ಉಪ್ಪು ಹಿಡಿಸಿ, ತೂಗಿ, ಬರೆದುಕೊಳ್ಳಿ. ಇದನ್ನು ನಾನು ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಈ ವರ್ಷ ರಂಜಕ ಮಾಡುವಾಗ ಮುಳಗುಂದಕ್ಕೇ ಹೋದೆ. ಚೀಲದಲ್ಲಿ ಅಡುಗೆಮನೆಯ ಸಣ್ಣ ತಕ್ಕಡಿ ಒಯ್ದಿದ್ದೆ. ಅವ್ವ ದೊಡ್ಡ ಉಪ್ಪಿನ ಗಡಿಗೆಗೆ ಕೈ ಹಾಕಿ ಒಂದು ಹಿಡಿ ತೆಗೆದು ತಾಟಿಗೆ ಸುರಿದಳು. 40 ಗ್ರಾಂ. ಇನ್ನೊಂದು ಹಿಡಿ ತೆಗಿ ಅಂದೆ. 41. ಮತ್ತೊಂದು, 40. ನಾನು ಹಾಕಿದೆ. ಮೊದಲ ಸಲ 29 ಬಂತು, ಎರಡನೇ ಸಲ 36. ಮನೆಯಲ್ಲಿದ್ದ ಪುಡಿ ಉಪ್ಪು ತಂದು ಅವ್ವನ ಕೈಯಲ್ಲೇ ಹಿಡಿಸಿದೆ, ಅದು 52 ತೋರಿಸಿತು. ಅವ್ವ ಕನ್ನಡಕ ಏರಿಸಿ ಆ ಸಂಖ್ಯೆಯನ್ನು ಬಗ್ಗಿ ನೋಡಿದಳು. ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನ ಕೈ ಹಿಡಿದು ಬಿಡಿಸಿ ನೋಡಿದಳು.

“ನಿನ್ನ ಕೈ ಸಣ್ಣದದ ಯವ್ವಾ,” ಅಂದಳು. “ಗ್ರಾಮಿನ್ಯಾಗ ಬರಕೊ. ಲಿಂಬಿಹಣ್ಣಿನ ರಸಾನೂ ಅಳದು ಬರಕೊ.”